ಹಿತ್ತಲ ಹಗ್ಗದ ಮೇಲಿನ ಕೌದಿ

ಪ್ರೀತಿಯ ತಂಗೀ,

ಫೋನಿನಲ್ಲಿ ನೀ ದನಿ ತಗ್ಗಿಸಿದಾಗಲೇ ತಿಳಿಯಿತು, ಹುಡುಗ ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡಿದ್ದಾನೆ ಅಂತ. ಏಳು ವರ್ಷದವನು, ನಾಚಿಕೆ ಬೇಡವೇ ಅಂದೆ ನೀನು. ಮೂರನೇ ಇಯತ್ತೆಗೆ ಬರುವತನಕ ನಿನ್ನ ಕೌದಿಯನ್ನು ಹಿತ್ತಲ ಹಗ್ಗಕ್ಕೆ ಹಾಕುತ್ತಿದ್ದವಳು ನಾನು, ಮರೆತೆಯಾ? ಇದು ಮನೆತನದಲ್ಲಿ ಬರುವಂಥದ್ದು. ತಂದೆ-ತಾಯಿಯಲ್ಲಿ ಒಬ್ಬರಿಗಿದ್ದರೂ ಹತ್ತು ಮಕ್ಕಳಲ್ಲಿ ನಾಲ್ಕಕ್ಕೆ ಬರುತ್ತದೆ.

ರಾತ್ರಿ ಉಚ್ಚೆ ಕಡಿಮೆ ಮಾಡುವ ಹಾರ್ಮೋನು ಕೆಲವು ಮಕ್ಕಳಿಗೆ ಸಾಲದು. ಮೂತ್ರಚೀಲ ತುಂಬಿದರೂ ಆ ಗಾಢ ನಿದ್ದೆಗೆ ಗೊತ್ತಾಗುವುದಿಲ್ಲ. ನಿದ್ದೆಯಲ್ಲಿ ಆದದ್ದಕ್ಕೆ ಎದ್ದ ಮೇಲೆ ಏಟು ಕೊಟ್ಟರೆ ಅವನಿಗೇನು ತಿಳಿಯಬೇಕು ಹೇಳು? ಆದಿಕೇಶವನ ಗುಡಿಗೆ ಹರಕೆ ಹೊತ್ತಿದ್ದೀ, ಹೊರು. ಬೈಗುಳ ಮಾತ್ರ ಬಿಡು.

ಶನಿವಾರ, ರವಿವಾರ ಅವನ ಉಚ್ಚೆಯನ್ನು ಅಳತೆಯ ಲೋಟದಲ್ಲಿ ಹಿಡಿದು ಬರೆದಿಡು. ಈ ವಯಸ್ಸಿಗೆ ಚೀಲ ಸುಮಾರು 240 ಮಿ.ಲೀ. ತಡೆಯಬೇಕು. ಹೊಟ್ಟೆ ಕಟ್ಟಿದೆಯೇ, ಅದನ್ನೂ ನೋಡು. ಗಟ್ಟಿ ಮಲ ಚೀಲವನ್ನು ಒತ್ತುತ್ತದೆ. ನೀರು ಹಗಲೆಲ್ಲ ಕುಡಿಸು, ಮಲಗುವ ಮುಂಚಿನ ಒಂದೆರಡು ತಾಸು ಕಡಿಮೆ ಮಾಡು. ಹಾವೇರಿಯ ಮಕ್ಕಳ ಡಾಕ್ಟರಿಗೆ ಆ ಚೀಟಿ ತೋರಿಸು. ಒದ್ದೆಯಾದ ಕೂಡಲೇ ಗಂಟೆ ಹೊಡೆದು ಎಬ್ಬಿಸುವ ಅಲಾರ್ಮ್ ಇದೆ, ಗುಳಿಗೆಯೂ ಇದೆ. ಉರಿ, ಜ್ವರ ಇದ್ದರೆ, ವಿಪರೀತ ನೀರಡಿಸಿ ಮೈ ಇಳಿಯುತ್ತಿದ್ದರೆ ಮಾತ್ರ ಒಂದು ದಿನವೂ ಕಾಯಬೇಡ.

ನನಗೆ ಹೆಚ್ಚಿನ ಚಿಂತೆ ಚಿಗವ್ವನದು. ಬ್ಯಾಡಗಿಯಲ್ಲಿ ಅವಳ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಘಾಟಿಗೆ ಎಲ್ಲರೂ ಸೀನಿದೆವು. ಅವಳೊಬ್ಬಳೇ ಸೀನುವ ಮುಂಚೆ ತೊಡೆ ಬಿಗಿಹಿಡಿದು, ಸೆರಗು ಕೆಳಗೆಳೆದುಕೊಂಡಳು. ಕೇಳಿದ್ದಕ್ಕೆ, ಮೂರನೇ ಹೆರಿಗೆಯಿಂದ ಹೀಗೇ, ಅದಕ್ಕೇ ನೀರೇ ಕುಡಿಯುವುದಿಲ್ಲ ಅಂದಳು. ಎದೆ ಚುರ್ ಅಂತು. ನೀರು ಬಿಟ್ಟರೆ ಉಚ್ಚೆ ಉರಿಯುತ್ತದೆ, ಅವಸರವೂ ಹೆಚ್ಚುತ್ತದೆ. ಹೆರಿಗೆಯಲ್ಲಿ ಸಡಿಲಾದ ಕೆಳಗಿನ ಸ್ನಾಯುಗಳನ್ನು ಹೂಸು ತಡೆದ ಹಾಗೆ ಒಳಗೆ ಬಿಗಿಹಿಡಿದು ಬಿಡಬೇಕು, ಹೊತ್ತಿಗೆ ಎಂಟು ಸಲ, ದಿನಕ್ಕೆ ಮೂರು ಹೊತ್ತು. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ರೊಟ್ಟಿ ಬಡಿಯುವಾಗಲೂ ಮಾಡಬಹುದು, ಯಾರಿಗೂ ಕಾಣುವುದಿಲ್ಲ. ಲೇಡಿ ಡಾಕ್ಟರ್ ಹತ್ತಿರ ಒಮ್ಮೆ ನೀನೇ ಜೊತೆಗೆ ಹೋಗು, ಒಬ್ಬಳೇ ಆದರೆ ಅವಳು ಬಾಯಿ ಬಿಡುವವಳಲ್ಲ.

ಅಮಾವಾಸ್ಯೆಗೆ ಬರುತ್ತೇನೆ. ಅವ್ವನ ಹಳೆ ಇಳಕಲ್ ಸೀರೆಯಲ್ಲಿ ಹುಡುಗನಿಗೊಂದು ಕೌದಿ ಹೊಲಿಯುತ್ತಿದ್ದೇನೆ. ಎಷ್ಟು ಸಲ ಒಗೆದರೂ ತಡೆಯುತ್ತದೆ ಅಂತ ಅವನಿಗೆ ಹೇಳು.

ನಿನ್ನ ಅಕ್ಕ