ಪರದೇಶದ ಹೊಳೆಗೆ ಹೊರಡುವ ಮುನ್ನ

ಹೋದ ದೀಪಾವಳಿ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕುರನೂರ ಡ್ಯಾಮಿನ ದಂಡೆಯ ಹುಡುಗ. ನಾಲ್ಕನೇ ಇಯತ್ತೆವರೆಗೆ ನಮ್ಮ ಕೈಯಲ್ಲಿ ಕನ್ನಡದಲ್ಲಿ ಕಲಿತವನು, ಈಗ ಪುಣೆಯಲ್ಲಿ ಕಂಪ್ಯೂಟರ್ ಕಂಪನಿಯೊಂದರಲ್ಲಿದ್ದಾನೆ. ಹೆಗಲಿಗೆ ಉದ್ದನೆಯದೊಂದು ಕೊಳವೆ ತೂಗುಹಾಕಿಕೊಂಡಿದ್ದ. ನಕಾಶೆ ಇರಬೇಕೆಂದು ನಾವು ತಿಳಿದೆವು. ಬಿಚ್ಚಿದರೆ ಒಳಗೆ ನಾಲ್ಕು ತುಂಡಿನ ಗಾಳದ ಕೋಲು!

"ಸರ್, ಕಂಪನಿ ಕೆಲಸಕ್ಕ ಮೂರು ತಿಂಗಳು ನ್ಯೂಜಿಲೆಂಡಿಗೆ ಹೊಂಟೀನ್ರಿ. ಅಲ್ಲಿ ಆಫೀಸಿನವ್ರು ಸೂಟಿ ದಿನ ಮೀನು ಹಿಡಿಯಾಕ ಕರ್ಕೊಂಡು ಹೋಗ್ತಾರಂತ. ನಾ ಮೀನುಗಾರರ ಮಗ ಅಂತ ಹೇಳಿಬಿಟ್ಟೀನ್ರಿ. ಖರೇ ಅಂದ್ರ ಅಪ್ಪನ ಬಲಿ ಮುಟ್ಟಿ ಎಷ್ಟೋ ವರ್ಷ ಆತು" ಎಂದ.

ನಗುತ್ತಲೇ ಹೇಳಿದ. ಆದರೆ ನಮಗೆ ನಗು ಬರಲಿಲ್ಲ. ಅವನು ಬಲೆ ಮುಟ್ಟುವುದನ್ನು ಬಿಟ್ಟದ್ದು ಯಾಕೆಂದು ನಮಗೆ ಗೊತ್ತಿತ್ತು. ಆ ಮಾತನ್ನು ಮುಂದೆ ಹೇಳುತ್ತೇವೆ.

ಈ ಫ್ಲೈ ಫಿಶಿಂಗ್ ಎನ್ನುವುದು ನಾವು ಕಂಡ ಗಾಳದಂತೆ ಅಲ್ಲ. ನಮ್ಮಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸಿ, ಸೀಸದ ಗುಂಡು ಕಟ್ಟಿ, ಬೆಂಡು ಬಿಟ್ಟು ಕೂಡುತ್ತಾರೆ. ಗುಂಡಿನ ಭಾರಕ್ಕೆ ದಾರ ದೂರ ಹೋಗುತ್ತದೆ. ಅಲ್ಲಿ ಗಾಳಕ್ಕೆ ಕಟ್ಟುವುದು ಪುಕ್ಕ, ದಾರಗಳಿಂದ ಮಾಡಿದ ಹುಸಿ ನೊಣ. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ದಾರವನ್ನೇ ದಪ್ಪಗೆ, ಭಾರವಾಗಿ ಮಾಡಿರುತ್ತಾರೆ. ಅದನ್ನು ಮೊದಲು ಹಿಂದಕ್ಕೆ ಬೀಸಿ, ಪೂರ್ತಿ ಬಿಚ್ಚಿಕೊಂಡ ಮೇಲೆ ಮುಂದಕ್ಕೆ ಬೀಸಬೇಕು. ಆಗ ನೊಣ ತಾನಾಗಿಯೇ ಹಾರಿ ಬಂದು ಕೂತಂತೆ ನೀರಿನ ಮೇಲೆ ಇಳಿಯುತ್ತದೆ.

ಮರುದಿನ ಶಾಲೆಯ ಮೈದಾನದಲ್ಲಿ ತಾಲೀಮು ಶುರುವಾಯಿತು. ಗಾಳದ ಬದಲು ದಾರದ ತುದಿಗೆ ಕೆಂಪು ಉಣ್ಣೆಯ ಚೂರು ಕಟ್ಟಿದ್ದ. ಹುಡುಗರು ಓಡಿ ಬಂದು ಸುತ್ತ ನಿಂತರು. ದಾರ ಒಮ್ಮೆ ಅವನ ಟೊಪ್ಪಿಗೆಗೆ, ಒಮ್ಮೆ ಬೇವಿನ ಟೊಂಗೆಗೆ ಸುತ್ತಿತು. ನಾವೂ ಒಂದು ಕೈ ನೋಡಿದೆವು. ನಮ್ಮ ಕನ್ನಡಕ ಬಿತ್ತು, ಮಕ್ಕಳಿಗೆ ಆನಂದ!

ಅವನ ತಂದೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಟ್ರಕ್ಕಿನ ಟ್ಯೂಬಿನ ಮೇಲೆ ಕೂತು ಡ್ಯಾಮಿನಲ್ಲಿ ಬಲೆ ಬಿಟ್ಟು ಮೂರು ಮಕ್ಕಳನ್ನು ಓದಿಸಿದವರು. ಕಡೆಗೆ ತಡೆಯಲಾರದೆ ಎದ್ದು ಬಂದರು.

"ಅವಸರ ಮಾಡ್ಬ್ಯಾಡೋ. ಬೀಸುಬಲಿ ಎಸದಂಗ ಐತಿ ಇದು. ಹಿಂದ ಪೂರಾ ಬಿಚ್ಚಲಿ, ಆಮ್ಯಾಲ ಮುಂದ ಬಿಡು."

ಕೋಲು ಇಸಿದುಕೊಂಡು ತಾವೇ ಬೀಸಿದರು. ಮೂರನೆಯ ಸಲಕ್ಕೆ ಉಣ್ಣೆಯ ಚೂರು ನಾವು ಸುಣ್ಣದಲ್ಲಿ ಹಾಕಿದ್ದ ಗೆರೆಯ ಮೇಲೆ ಹೋಗಿ ಬಿತ್ತು. ಮಗ ಬೆರಗಾಗಿ ನೋಡುತ್ತಿದ್ದ.

ಸಂಜೆ ಕಾಗದಪತ್ರ ತೆಗೆದು ಕೂತೆವು. ಅಲ್ಲಿ ಗಾಳ ಹಾಕಲು ಲೈಸನ್ಸ್ ಬೇಕು. ಟ್ರೌಟ್ ಮೀನನ್ನು ಹಿಡಿಯಬಹುದು, ಇಂತಿಷ್ಟನ್ನು ತಿನ್ನಲೂಬಹುದು, ಆದರೆ ಮಾರುವಂತಿಲ್ಲ. ಬಹಳ ಜನ ಹಿಡಿದು ಮತ್ತೆ ನೀರಿಗೇ ಬಿಡುತ್ತಾರೆ. ಅದನ್ನು ಕೇಳಿ ತಂದೆಯವರು, "ಮಾರಂಗಿಲ್ಲ, ತಿನ್ನಂಗಿಲ್ಲ, ಮತ್ತ ಅಷ್ಟು ದೂರ ಯಾಕ ಹೋಗ್ತಾರ್ರಿ ಗುರುಜಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಯಾರಿ ಬೂಟಿನದು. 2004ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಹೊಳೆಯೊಂದರಲ್ಲಿ ಡಿಡಿಮೋ ಎಂಬ ಪರಕೀಯ ಪಾಚಿ ಕಾಣಿಸಿಕೊಂಡಿತು. ಕಲ್ಲುಗಳ ಮೇಲೆ ಕಂಬಳಿ ಹೊದಿಸಿದಂತೆ ಬೆಳೆಯುತ್ತದೆ. ಒಂದು ಹನಿ ನೀರಿನಲ್ಲಿ, ಬೂಟಿನ ತಳದಲ್ಲಿ ಕೂತು ಒಂದು ಹೊಳೆಯಿಂದ ಇನ್ನೊಂದಕ್ಕೆ ದಾಟಬಲ್ಲದು. ಅದಕ್ಕೇ ಅಲ್ಲಿ 2008ರಿಂದ, ಬೇಗ ಒಣಗದ ಉಣ್ಣೆಯ ತಳದ ಬೂಟು ಹಾಕಿ ಗಾಳ ಹಾಕುವಂತಿಲ್ಲ. ವಿಮಾನ ಇಳಿದ ಕೂಡಲೇ, ನೀರಿನಲ್ಲಿ ಬಳಸಿದ ಸಾಮಾನು, ಪುಕ್ಕ, ಮಣ್ಣು ಏನಿದ್ದರೂ ಬರೆದುಕೊಡಬೇಕು. ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ.

ಹುಡುಗ ಎರಡು ದಿನ ಡ್ಯಾಮಿನ ದಂಡೆಯಲ್ಲೂ ಬೀಸಿ ನೋಡಿದ್ದ. ಬೂಟಿಗೆ ಅಲ್ಲಿಯ ಕರಿ ಎರೆಮಣ್ಣು ಮೆತ್ತಿತ್ತು. ಗೆರೆ ಗೆರೆಯಲ್ಲಿದ್ದ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಮಾಳಿಗೆ ಮೇಲೆ ಬಿಸಿಲಿಗಿಟ್ಟೆವು. ಒಣಗಿದ ಮೇಲೂ 48 ತಾಸು ಬಿಡಬೇಕಂತೆ.

ಇಷ್ಟೊಂದು ಮಡಿ ಯಾಕೆ ಎನಿಸಬಹುದು. ತಂದೆಯವರಿಗೆ ಹಾಗೆ ಅನಿಸಲಿಲ್ಲ. "ನಮ್ಮಲ್ಲೂ ಹಿಂಗ ಮಾಡಿದ್ರ ಛಲೋ ಇತ್ತು. ಈಗ ಬಲಿಗೆ ಬರೂದೆಲ್ಲಾ ಚಿಲಾಪಿ" ಎಂದರು. ಚಿಲಾಪಿ ಎಂದರೆ ತಿಲಾಪಿಯಾ, ಆಫ್ರಿಕಾ ಮೂಲದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು. ಕಾವೇರಿಯ ಕತೆ ಇನ್ನೂ ದೊಡ್ಡದು. ಭೀಮೇಶ್ವರಿ ಕಡೆಗೆ ಪರದೇಶದವರು ಬಂದು, ರಾಗಿ ಹಿಟ್ಟಿನ ಉಂಡೆ ಗಾಳಕ್ಕೆ ಸಿಕ್ಕಿಸಿ ದೊಡ್ಡ ದೊಡ್ಡ ಮಹಶೀರ್ ಹಿಡಿದು, ತೂಕ ನೋಡಿ ಬಿಡುತ್ತಿದ್ದರು. ಆ ಹೊಳೆಯ ಸ್ವಂತದ, ಬೆನ್ನು ಉಬ್ಬಿದ ಮಹಶೀರ್ ಕಡಿಮೆಯಾಯಿತೆಂದು, ನಮ್ಮ ಮಹಾರಾಷ್ಟ್ರದ ಲೋಣಾವಳೆಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ಬಿಟ್ಟರು. ಬಂದವು ಹೆಚ್ಚಿದವು, ಮನೆಯವು ಮೂಲೆ ಸೇರಿದವು ಎನ್ನುತ್ತಾರೆ ಸಂಶೋಧಕರು. ಅಣೆಕಟ್ಟು, ಮರಳು ಸಾಗಣೆ, ಸಿಡಿಮದ್ದಿನ ಬೇಟೆಯೂ ಕಾರಣವೇ. 2018ರಲ್ಲಿ ಆ ಮೀನು ಅಳಿವಿನ ತೀರ ಅಂಚಿನ ಪಟ್ಟಿಗೆ ಸೇರಿತು.

ಹಾಗೆ ನೋಡಿದರೆ ನ್ಯೂಜಿಲೆಂಡಿನ ಟ್ರೌಟ್ ಕೂಡ ಪರಕೀಯವೇ. 1867ರಲ್ಲಿ ಟಾಸ್ಮೇನಿಯಾದಿಂದ ತತ್ತಿ ತಂದು ಬೆಳೆಸಿದ್ದು. ಅದರಿಂದ ಅಲ್ಲಿಯ ಸಣ್ಣ ಮೀನುಗಳು ಸೊರಗಿದವು. ತಪ್ಪು ಮಾಡಿ ಕಲಿತವರು ಈಗ ಬೂಟು ನೋಡುತ್ತಾರೆ.

ಬಿಸಿಲಲ್ಲಿ ಬೂಟು ಒಣಗುತ್ತಿದ್ದಾಗ ನಾವು ಆ ಹಳೆಯ ಮಾತನ್ನು ತೆಗೆದೆವು. ಮೂರನೇ ಇಯತ್ತೆಯಲ್ಲಿದ್ದಾಗ ಅವನು ಬೆಳಿಗ್ಗೆ ತಂದೆಯ ಜೊತೆ ಬಲೆ ಎಳೆದು ತಡವಾಗಿ ಶಾಲೆಗೆ ಬರುತ್ತಿದ್ದ. ಒಂದು ದಿನ ನಾವು ತುಂಬಿದ ವರ್ಗದಲ್ಲಿ, "ಮೀನಿನ ವಾಸನೆ ಹೊತ್ತು ಬರಬೇಡ, ಬಲೆ ಬೇಕೋ ಪುಸ್ತಕ ಬೇಕೋ ನೋಡಿಕೋ" ಎಂದಿದ್ದೆವು. ಮಕ್ಕಳು ನಕ್ಕಿದ್ದರು. ಅಂದಿನಿಂದ ಅವನು ನೀರಿಗಿಳಿಯಲಿಲ್ಲ. ಹುಡುಗ ದಾರಿಗೆ ಬಂದನೆಂದು ನಾವು ಹೆಮ್ಮೆಪಟ್ಟುಕೊಂಡಿದ್ದೆವು. ಟಿ.ಸಿ.ಎಚ್. ಮುಗಿಸಿ ನೌಕರಿಗೆ ಸೇರಿ ಕೆಲವೇ ವರ್ಷವಾಗಿತ್ತು, ತಿಳಿವಳಿಕೆ ಸಾಲದು. ನಾವೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆವು, ಲೋಣಾವಳೆಯ ಮರಿ ಬಿಟ್ಟವರಂತೆ.

"ಕಾಕಾ, ತಪ್ಪಾತು. ಅವತ್ತ ಹಂಗ ಅನ್ನಬಾರದಿತ್ತು" ಎಂದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪುಸ್ತಕಾ ಹಿಡಿಸಿದ್ರೆಲ್ಲಾ, ಅದೂ ನೀವ ಅಲ್ಲೇನ್ರಿ" ಎಂದರು. ಸಿಟ್ಟಿಲ್ಲ ಎಂದು ಮಾತ್ರ ಹೇಳಲಿಲ್ಲ. ಮಗ ಬೂಟನ್ನು ಮಗುಚಿ ಇಡುತ್ತಿದ್ದ, ತಲೆ ಎತ್ತಲಿಲ್ಲ.

ಹೊರಡುವ ಹಿಂದಿನ ದಿನ ತಂದೆ, ಮನೆಯ ಹುಂಜದ ಕತ್ತಿನ ಗರಿ ಕಿತ್ತು, ಬಲೆ ಹೆಣೆಯುವ ನೈಲಾನ್ ದಾರ ಸುತ್ತಿ ಒಂದು ನೊಣ ಕಟ್ಟಿಕೊಟ್ಟರು. ಗರಿ ಇದೆಯಲ್ಲ, ಅಧಿಕಾರಿಗಳು ಕಸಿದುಕೊಂಡರೆ? ಹುಡುಗ ವಿಚಾರ ಮಾಡಿ, "ಬರದು ಕೊಡ್ತೀನ್ರಿ ಸರ್. ಕೇಳಿದ್ರ ಅಪ್ಪ ಮಾಡಿದ್ದು ಅಂತ ಹೇಳ್ತೀನಿ" ಎಂದ.

ಡಬ್ಬಿಯಲ್ಲಿ ಬೇರೆಯಾಗಿ ಇಟ್ಟುಕೊಂಡು ಹೋದ. ಈಗ ನಮ್ಮ ಶಾಲೆಗೆ ಆ ದಂಡೆಯಿಂದ ಇನ್ನೂ ಇಬ್ಬರು ಮಕ್ಕಳು ಬರುತ್ತಾರೆ. ಮೊನ್ನೆ ಅವರಿಗೆ ಬೀಸುಬಲೆಯ ಭಾಗಗಳ ಹೆಸರು ಹೇಳಿರೆಂದೆವು. ಒಬ್ಬ ಏಳು ಹೆಸರು ಹೇಳಿದ. ನಮಗೆ ಎರಡೇ ಗೊತ್ತಿದ್ದವು. ಉಳಿದವನ್ನು ಹಲಗೆಯ ಮೇಲೆ ಬರೆದುಕೊಂಡೆವು.