ಖಾಲಿ ಜಾಗಕ್ಕೂ ಲೆಕ್ಕವಿದ್ದ ಕಾಲ

ಗಣಕಯಂತ್ರಕ್ಕೆ ಮಾಹಿತಿ ಸಿದ್ಧಪಡಿಸುವ ವೃತ್ತಿಯಲ್ಲಿ ಅಂಕಿಯ ಅರ್ಥವನ್ನು ಅದು ಕುಳಿತ ಸ್ಥಾನವೇ ನಿರ್ಧರಿಸುತ್ತಿದ್ದ ದೀರ್ಘ ಕಾಲವೊಂದಿತ್ತು. ಐಬಿಎಂ ಸಂಸ್ಥೆ 1928ರಲ್ಲಿ ಬಳಕೆಗೆ ತಂದ 80 ಕಾಲಂಗಳ ಪಂಚ್ ಕಾರ್ಡ್ ಆ ಕಾಲದ ಅಳತೆಯಾಗಿದ್ದು, 1960ರ ದಶಕದಲ್ಲಿ ಐಬಿಎಂ 1401 ಯಂತ್ರಗಳು ಭಾರತದ ಕಂಪನಿಗಳಿಗೂ ಬಂದಾಗ ಸಂಬಳಪಟ್ಟಿ, ದಾಸ್ತಾನುಗಳ ಲೆಕ್ಕವೆಲ್ಲ ಆ ಕಾಲಂಗಳ ಮಿತಿಗೇ ಒಗ್ಗಿಕೊಳ್ಳಬೇಕಾಯಿತು. ಹೀಗೆ ಒಂದೊಂದು ವಿವರಕ್ಕೆ ಮೊದಲೇ ಗೊತ್ತುಪಡಿಸಿದ ಕಾಲಂಗಳಿಗೆ ಸ್ಥಿರ ಉದ್ದದ ಫೀಲ್ಡ್ ಎಂದೂ, ವಿವರ ಚಿಕ್ಕದಾದಾಗ ಮಿಕ್ಕ ಜಾಗವನ್ನು ನಿಗದಿತ ಅಕ್ಷರದಿಂದ ತುಂಬುವುದಕ್ಕೆ ಪ್ಯಾಡಿಂಗ್ ಎಂದೂ ಹೆಸರು.

ಸಂಬಳದ ಒಂದು ದಾಖಲೆಯಲ್ಲಿ ಮೊದಲ 6 ಕಾಲಂ ನೌಕರನ ಸಂಖ್ಯೆಗೆ, 7ರಿಂದ 26ರವರೆಗೆ ಹೆಸರಿಗೆ, 27ರಿಂದ 35ರವರೆಗೆ ಸಂಬಳಕ್ಕೆ, ಅಲ್ಲಿಂದ ಮುಂದಿನ 9 ಕಾಲಂ ಕಡಿತಕ್ಕೆ ಮೀಸಲಾಗಿದೆ ಎಂದುಕೊಂಡರೆ, ಹೆಸರನ್ನು ಎಡಕ್ಕೆ ಒತ್ತಿ ಬರೆದು ಬಲಬದಿಯನ್ನು ಖಾಲಿ ಸ್ಪೇಸ್‌ಗಳಿಂದಲೂ, ಮೊತ್ತವನ್ನು ಬಲಕ್ಕೆ ಒತ್ತಿ ಎಡಬದಿಯನ್ನು ಸೊನ್ನೆಗಳಿಂದಲೂ ತುಂಬಬೇಕು. ದಶಮಾಂಶ ಬಿಂದುವನ್ನು ಬರೆಯದೆ ಕೊನೆಯ ಎರಡು ಅಂಕಿಗಳನ್ನು ಪೈಸೆಯೆಂದು ಎಣಿಸುವುದರಿಂದ 845 ರೂಪಾಯಿ 50 ಪೈಸೆ 000084550 ಆಗುತ್ತದೆ. ಹೆಸರಿನ ಹಿಂದಿನ ಒಂದೇ ಒಂದು ಸ್ಪೇಸ್ ಬಿಟ್ಟುಹೋದರೂ ಮುಂದಿನದೆಲ್ಲ ಎಡಕ್ಕೆ ಸರಿದು, ಕಡಿತದ ಮೊದಲ ಸೊನ್ನೆ ಸಂಬಳದ ಫೀಲ್ಡಿನೊಳಗೆ ಸೇರಿ, ಅದೇ ಸಂಬಳ 8,455 ರೂಪಾಯಿ ಎಂದು ಓದಿಸಿಕೊಳ್ಳುತ್ತದೆ. ಯಂತ್ರಕ್ಕೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಆದುದರಿಂದಲೇ ಪಂಚಿಂಗ್ ಕೊಠಡಿಗಳಲ್ಲಿ ದುಡಿದವರು ಆ ಕಾಲದ ಶಿಸ್ತನ್ನು ಮರೆತಿಲ್ಲ. ಒಬ್ಬರು ಪಂಚ್ ಮಾಡಿದ ಕಾರ್ಡನ್ನು ಇನ್ನೊಬ್ಬರು ವೆರಿಫೈಯರ್ ಎಂಬ ಯಂತ್ರದಲ್ಲಿ ಮೊದಲಿನಿಂದ ಮತ್ತೆ ಕೀಲಿಸಬೇಕಿತ್ತು, ಎರಡೂ ತಾಳೆಯಾದರೆ ಮಾತ್ರ ಕಾರ್ಡಿನ ಅಂಚಿನಲ್ಲಿ ಒಂದು ಕಚ್ಚು ಬೀಳುತ್ತಿತ್ತು, ಆ ಕಚ್ಚಿಲ್ಲದ ಕಾರ್ಡನ್ನು ತಿದ್ದಿ ಮತ್ತೆ ಪಂಚ್ ಮಾಡಬೇಕಿತ್ತು.

ಕಾರ್ಡಿನ ಜಾಗಕ್ಕೆ ಮ್ಯಾಗ್ನೆಟಿಕ್ ಟೇಪು, ಡಿಸ್ಕುಗಳು ಬಂದ ಮೇಲೆಯೂ ಈ ಪದ್ಧತಿ ಅಳಿಯಲಿಲ್ಲ, ಏಕೆಂದರೆ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಫೀಲ್ಡಿನ ಉದ್ದವನ್ನು ಪ್ರೋಗ್ರಾಮಿನೊಳಗೇ ಘೋಷಿಸುವಂತೆ ರೂಪುಗೊಂಡಿತ್ತು. ಎಲ್ಲ ದಾಖಲೆಗಳೂ ಸಮ ಉದ್ದದವಾದ್ದರಿಂದ ಡಿಸ್ಕಿನಲ್ಲಿ ನೂರನೆಯ ದಾಖಲೆ ಎಲ್ಲಿದೆಯೆಂಬುದು ಒಂದು ಗುಣಾಕಾರದಿಂದ ತಿಳಿಯುತ್ತಿತ್ತು; ಸೊನ್ನೆ ತುಂಬಿದ ಸಂಖ್ಯೆಗಳನ್ನು ಅಕ್ಷರಗಳಂತೆ ಹೋಲಿಸಿ ಜೋಡಿಸಿದರೂ 9 ಬಂದು 10ರ ಹಿಂದೆ ನಿಲ್ಲುತ್ತಿರಲಿಲ್ಲ. ಆದರೆ ಕಾಲಂಗಳನ್ನು ಉಳಿಸುವ ಮಿತವ್ಯಯ ಇಸವಿಗೆ ಎರಡೇ ಅಂಕಿಗಳನ್ನು ಕೊಟ್ಟು, 2000ದ ಹೊಸ್ತಿಲಲ್ಲಿ ಜಗತ್ತಿನ ಪ್ರೋಗ್ರಾಮರುಗಳನ್ನೆಲ್ಲ ಹಳೆಯ ಫೈಲುಗಳಿಗೆ ಹಿಂದಿರುಗಿಸಿತು.

ಅಲ್ಪವಿರಾಮದಿಂದ ಫೀಲ್ಡುಗಳನ್ನು ಬೇರ್ಪಡಿಸುವ ಸಿಎಸ್‌ವಿಯೂ, ಪ್ರತಿ ವಿವರಕ್ಕೂ ಹೆಸರು ಹಚ್ಚುವ ಎಕ್ಸ್‌ಎಂಎಲ್ಲೂ ಹರಡಿದ ಮೇಲೆ ಪ್ಯಾಡಿಂಗಿನ ಅಗತ್ಯ ಬಹುಮಟ್ಟಿಗೆ ತಗ್ಗಿತಾದರೂ ಬ್ಯಾಂಕುಗಳು ಅದನ್ನು ಕೈಬಿಟ್ಟಿಲ್ಲ. ಅಮೆರಿಕದ ಎಸಿಎಚ್ ಪಾವತಿ ಫೈಲಿನ ಪ್ರತಿ ಸಾಲೂ ಇಂದಿಗೂ 94 ಅಕ್ಷರಗಳದ್ದೇ ಆಗಿದ್ದು, ಸಾಲುಗಳ ಸಂಖ್ಯೆ ಹತ್ತರ ಗುಣಕವಾಗದಿದ್ದರೆ 9ರ ಅಂಕಿಯನ್ನೇ ತುಂಬಿದ ಸಾಲುಗಳಿಂದ ಅದನ್ನು ಪೂರೈಸುತ್ತಾರೆ. ಕನ್ನಡಕ್ಕೆ ಈ ಹಳೆಯ ಅಳತೆ ಇನ್ನೂ ಬಿಗಿಯಾದುದು: ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕಾಗುವುದರಿಂದ, ಕಣ್ಣಿಗೆ ಎರಡೇ ಅಕ್ಷರಗಳಾಗಿ ಕಾಣುವ ‘ಲಕ್ಷ್ಮಿ’ ಎಂಬ ಹೆಸರು 7 ಸಂಕೇತಗಳಾಗಿ 21 ಬೈಟುಗಳನ್ನು ಬೇಡುತ್ತದೆ, 20 ಬೈಟುಗಳ ಫೀಲ್ಡಿನಲ್ಲಿ ಅದರ ಕೊನೆಯ ಗುಣಿತ ಚಿಹ್ನೆ ತುಂಡಾಗುತ್ತದೆ. ಕಳಿಸುವವರೂ ಪಡೆಯುವವರೂ ಒಂದೇ ವಿನ್ಯಾಸಪಟ್ಟಿಯನ್ನು ಮುಂದಿಟ್ಟುಕೊಂಡು ಒಪ್ಪಬೇಕೆಂಬುದು ಕಾರ್ಡಿನ ಕಾಲದಿಂದ ಬಂದ ನಿಯಮ. ಉದ್ದವನ್ನು ಬೈಟುಗಳಲ್ಲಿ ಎಣಿಸಬೇಕೋ ಅಕ್ಷರಗಳಲ್ಲಿ ಎಣಿಸಬೇಕೋ ಎಂಬುದನ್ನೂ ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಾಗ ಮಾತ್ರ ಕನ್ನಡದ ಹೆಸರುಗಳು ಅದರಲ್ಲಿ ಊನವಿಲ್ಲದೆ ಉಳಿಯುತ್ತವೆ.