ಹೊಳೆ ತಿಳಿಯಾಗುವ ಹೊತ್ತು

ಮಹಾನವಮಿ ಹತ್ತಿರ ಬಂತೆಂದರೆ ತಿಮ್ಮಾಪುರದ ಸೀಮೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು ಕಬ್ಬಿನದು: ಕಾರ್ಖಾನೆ ಯಾವಾಗ ಶುರು, ಈ ಸಲ ದರ ಎಷ್ಟು? ಇನ್ನೊಂದನ್ನು ಕೇಳುವವರು ಹುಡುಗರು ಮತ್ತು ಮುತ್ಯಾಗಳು ಮಾತ್ರ: ಹೊಳೆ ತಿಳಿಯಾಯಿತೇ?

ಮುಧೋಳದ ಕಡೆಯವರಿಗೆ ಹೊಳೆ ಎಂದರೆ ಘಟಪ್ರಭೆ. ಸಹ್ಯಾದ್ರಿಯಲ್ಲಿ ಹುಟ್ಟಿ, ಹಿಡಕಲ್ ಜಲಾಶಯದಲ್ಲಿ ತಂಗಿ, ಗೋಕಾಕದಲ್ಲಿ 52 ಮೀಟರ್ ಕೆಳಗೆ ಧುಮುಕಿ, ಕಬ್ಬಿನ ಹೊಲಗಳ ನಡುವೆ ಹಾಯ್ದು ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಬರೀ ರಾಡಿ. 2019ರ ಆಗಸ್ಟಿನಲ್ಲಿ ಅದು ಉಕ್ಕಿ ಬಂದದ್ದನ್ನು ಮುಧೋಳದವರು ಇನ್ನೂ ಮರೆತಿಲ್ಲ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ರಾಡಿ ತಳಕ್ಕಿಳಿಯುತ್ತದೆ, ದಂಡೆಯ ಹತ್ತಿರ ಕಲ್ಲುಗಳು ಕಾಣತೊಡಗುತ್ತವೆ. ಆಗ ಮೂಲೆಯಲ್ಲಿಟ್ಟ ಬಿದಿರು ಕೋಲು ಹೊರಗೆ ಬರುತ್ತದೆ. ತುದಿಗೆ ದಾರ, ದಾರಕ್ಕೆ ಗಾಳ, ಗಾಳಕ್ಕೆ ಎರೆಹುಳು ಇಲ್ಲವೇ ಕಣಕದ ಉಂಡೆ, ನಡುವೆ ಜೋಳದ ದಂಟಿನ ಬೆಂಡು. ಬೆಂಡು ಮುಳುಗಿದರೆ ಮೀನು ಕಚ್ಚಿದೆ ಎಂದರ್ಥ. ಇಷ್ಟೇ ಸಾಮಾನು.

ಇದೇ ದಿನಗಳಲ್ಲಿ ಇಂಗ್ಲೆಂಡಿನ ಹಲವು ಹೊಳೆಗಳ ದಂಡೆಯಲ್ಲಿ ತದ್ವಿರುದ್ಧ ಕೆಲಸ ನಡೆದಿರುತ್ತದೆ. ಅಲ್ಲಿಯ ಅಚ್ಚುಮೆಚ್ಚಿನ ಮೀನು ಟ್ರೌಟ್. ಸೆಪ್ಟೆಂಬರ್ 30 ಬಂತೆಂದರೆ ಅದನ್ನು ಹಿಡಿಯುವುದು ಬಂದ್. ಆದರೆ ಎಲ್ಲರೂ ಕೋಲು ಕಟ್ಟಿಟ್ಟು ಮನೆಗೆ ಹೋಗುವುದಿಲ್ಲ. ಅದೇ ನೀರಿನಲ್ಲಿ ಗ್ರೇಲಿಂಗ್ ಎಂಬ ಇನ್ನೊಂದು ಮೀನಿದೆ. ಅದನ್ನು ಮಾರ್ಚ್ 14ರವರೆಗೂ ಹಿಡಿಯಬಹುದು.

ಒಂದೇ ಹೊಳೆ, ಎರಡು ಮೀನು, ಎರಡು ಕಾನೂನು ಏಕೆ? ಉತ್ತರ ತತ್ತಿಯಲ್ಲಿದೆ. ಟ್ರೌಟ್ ತತ್ತಿ ಇಡುವುದು ಚಳಿ ಬಿದ್ದಮೇಲೆ, ಹೊಳೆಯ ತಳದ ಗರಸಿನಲ್ಲಿ. ಗ್ರೇಲಿಂಗ್ ಇಡುವುದು ಚಳಿ ಕಳೆದು ವಸಂತ ಬಂದಾಗ. ಯಾರು ಯಾವಾಗ ಬಸುರಿಯೋ ಆಗ ಅವರಿಗೆ ರಜೆ. ನಮ್ಮ ಹಿಮಾಚಲ ಪ್ರದೇಶದ ತಂಪು ಹೊಳೆಗಳಲ್ಲೂ ಟ್ರೌಟ್ ಇವೆ. ಅಲ್ಲಿ ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಅವನ್ನು ಹಿಡಿಯುವಂತಿಲ್ಲ.

ಗ್ರೇಲಿಂಗ್ ನೋಡಲು ಬಲು ಚೆಂದ. ಬೂದು ಬೆಳ್ಳಿ ಮೈ, ಬೆನ್ನ ಮೇಲೆ ಅಗಲವಾದ ರೆಕ್ಕೆ. ಅದನ್ನು ಬಿಚ್ಚಿದರೆ ಇಳಕಲ್ ಸೀರೆಯ ಸೆರಗು ಹರವಿದಂತೆ ಕೆಂಪು ಛಾಯೆ ಕಾಣುತ್ತದೆ. ಅಲ್ಲಿಯವರು ಅದನ್ನು ಹೊಳೆಯ ರಾಣಿ ಎಂಬಂತೆ ಆದರಿಸುತ್ತಾರೆ. ಹೊಸದಾಗಿ ಹಿಡಿದ ಗ್ರೇಲಿಂಗ್ ಥೈಮ್ ಎಂಬ ಸೊಪ್ಪಿನಂತೆ ಘಮ್ಮೆನ್ನುತ್ತದೆ ಎಂದು ಹಳಬರು ಹೇಳುತ್ತಾರೆ. ಅದರ ಶಾಸ್ತ್ರೀಯ ಹೆಸರು ಥೈಮಾಲಸ್ ಬಂದದ್ದೂ ಅದರಿಂದಲೇ. ಥೈಮ್ ಕಂಡಿಲ್ಲವೇ? ಆಯಿಯ ಡಬ್ಬಿಯಲ್ಲಿರುವ ಅಜವಾನವನ್ನು ತಿಕ್ಕಿ ಮೂಸಿ ನೋಡಿ. ಎರಡರ ವಾಸನೆಗೂ ಥೈಮಾಲ್ ಎಂಬ ಒಂದೇ ವಸ್ತು ಕಾರಣ.

ಇದನ್ನು ಹಿಡಿಯುವ ಬಗೆ ಇನ್ನೂ ಮಜಾ. ಗಾಳಕ್ಕೆ ಹುಳ ಸಿಕ್ಕಿಸುವುದಿಲ್ಲ, ಹುಳದ ವೇಷ ಕಟ್ಟುತ್ತಾರೆ! ನೂಲು, ಗರಿ, ಉಣ್ಣೆ ಸುತ್ತಿ ನೊಣದಂತೆ ಮಾಡುತ್ತಾರೆ. ಅದಕ್ಕೇ ಫ್ಲೈ ಫಿಶಿಂಗ್ ಎಂಬ ಹೆಸರು. ಗ್ರೇಲಿಂಗ್‌ಗೆಂದು ಹೆಸರಾದ ಒಂದು ನೊಣ ‘ರೆಡ್ ಟ್ಯಾಗ್’. ಅದರ ಮೈ ನವಿಲುಗರಿಯ ಎಳೆ, ಬಾಲ ಕೆಂಪು ಉಣ್ಣೆಯ ಚೂರು, ಕಾಲುಗಳಿಗೆ ಹುಂಜದ ಕತ್ತಿನ ಗರಿ. ನಮ್ಮ ಹೊಲದ ನವಿಲು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ! ಇಷ್ಟು ಹಗುರದ ನೊಣವನ್ನು ದೂರ ಎಸೆಯುವುದು ಹೇಗೆ? ದಾರವನ್ನೇ ದಪ್ಪ, ಭಾರ ಮಾಡಿರುತ್ತಾರೆ. ಬಾರಕೋಲು ಬೀಸಿದ ಹಾಗೆ ಕೋಲನ್ನು ಹಿಂದೆ ಮುಂದೆ ಬೀಸಿದರೆ ದಾರ ಗಾಳಿಯಲ್ಲಿ ಬಿಚ್ಚಿಕೊಂಡು ಹೋಗಿ, ತುದಿಯ ನೊಣ ನೀರ ಮೇಲೆ ಮೆಲ್ಲಗೆ ಕೂರುತ್ತದೆ.

ಗಾಳದ ವಿದ್ಯೆ ಪರದೇಶದಿಂದ ಬಂದದ್ದು ಎಂದು ಮಾತ್ರ ತಿಳಿಯಬೇಡಿ. ಮುಧೋಳದ ಕವಿ ರನ್ನನಿಗೆ ಆಶ್ರಯ ಕೊಟ್ಟ ಚಾಲುಕ್ಯ ವಂಶದಲ್ಲೇ ಮುಂದೆ ಮೂರನೆಯ ಸೋಮೇಶ್ವರ ಎಂಬ ದೊರೆ ಆಗಿಹೋದ. ಹನ್ನೆರಡನೆಯ ಶತಮಾನದಲ್ಲಿ ಅವನು ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ: ಯಾವ ಮೀನಿಗೆ ಎಂಥ ಆಹಾರ, ದಾರ ಹೇಗಿರಬೇಕು, ಗಾಳ ಹೇಗೆ ಹಾಕಬೇಕು. ಇಂಗ್ಲಿಷಿನಲ್ಲಿ ಗಾಳದ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ.

ಇನ್ನು ನಮ್ಮ ಹೊಳೆಯ ತತ್ತಿಯ ಕಾಲ. ರೋಹು, ಕಟ್ಲಾದಂಥ ಮೀನು ತತ್ತಿ ಇಡುವುದು ಮಳೆಗಾಲದ ಹರಿಯುವ ನೀರಿನಲ್ಲಿ. ಹೊಸ ನೀರು ಬಂದೊಡನೆ ಬಗೆಬಗೆಯ ಮೀನು ಹರಿವಿಗೆ ಎದುರಾಗಿ ಏರುತ್ತವೆ, ಕೆಲವು ಹಳ್ಳಗಳಿಗೂ ನುಗ್ಗುತ್ತವೆ. ತೆಳು ನೀರಿನಲ್ಲಿ ಅವನ್ನು ಬಡಿಗೆಯಿಂದ ಬಡಿದು, ಬುಟ್ಟಿ ಒಡ್ಡಿ ಹಿಡಿಯುವುದು ಬಹಳ ಸುಲಭ. ದೊಡ್ಡ ರೋಹುವಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ತತ್ತಿ ಇರುತ್ತದೆ. ಹಾಗೆ ಬುಟ್ಟಿ ಹಿಡಿದು ಹೊರಟ ಮೊಮ್ಮಗನನ್ನು ಒಬ್ಬ ಮುತ್ಯಾ ತಡೆದದ್ದು ಹೀಗೆ: “ಬ್ಯಾಡೋ ತಮ್ಮಾ, ಆಕಿ ಹಡಿಯಾಕ ತವರಮನಿಗೆ ಹೊಂಟಾಳ. ನವಮಿ ತನಕಾ ತಡಿ.”

ಇಂಗ್ಲೆಂಡಿನ ಕಾನೂನು ಹೇಳುವುದೂ ಇದನ್ನೇ, ಇಷ್ಟು ಚೆಂದಾಗಿ ಅಲ್ಲ. ನಮ್ಮ ಕರಾವಳಿಯಲ್ಲೂ ಇದೇ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ.

ಕರ್ನಾಟಕದಲ್ಲಿ ಕೋಲು ಹಿಡಿದವರ ದೊಡ್ಡ ಕನಸು ಕಾವೇರಿಯ ಡುಬ್ಬದ ಮಹಶೀರ್. 50 ಕಿಲೋ ದಾಟಬಲ್ಲ ಮೀನು! ಗಾಲಿಬೋರೆಯ ಶಿಬಿರದಲ್ಲಿ ಅದನ್ನು ಹಿಡಿದವರು ತೂಗಿ, ವಹಿಯಲ್ಲಿ ಬರೆದು, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ವಹಿಗಳನ್ನು ವಿಜ್ಞಾನಿಗಳು ತಿರುವಿ ಹಾಕಿದಾಗ ಬೆಚ್ಚಿಬಿದ್ದರು. ಒಟ್ಟು ಮಹಶೀರ್ ಹೆಚ್ಚಿದ್ದವು, ಆದರೆ ಡುಬ್ಬದವು ವರ್ಷ ವರ್ಷಕ್ಕೆ ಕರಗುತ್ತಿದ್ದವು. ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಜಾತಿ. 1839ರಲ್ಲಿ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಪುಣೆಯ ಹತ್ತಿರದ ಹೊಳೆಯಲ್ಲಿ ಕಂಡು ವಿವರಿಸಿದ ಮೀನು ಅದು. ಆ ಹೊಳೆಯ ನೀರೂ ಭೀಮೆಯ ಮೂಲಕ ಕೃಷ್ಣೆಗೇ ಬರುತ್ತದೆ. ಅಂದರೆ ನಮ್ಮ ಕಡೆಯ ಮೀನೇ ಅಲ್ಲಿ ಹೋಗಿ ಮನೆ ಮಾಡಿತ್ತು! ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಆ ವಹಿಗಳು ಇರದಿದ್ದರೆ ಅದು ಕರಗುತ್ತಿರುವುದೇ ತಿಳಿಯುತ್ತಿರಲಿಲ್ಲವೇನೋ.

ಮಕ್ಕಳೇ, ಈ ರಜೆಯಲ್ಲಿ ದೊಡ್ಡವರ ಜೊತೆ ಹೊಳೆಗೆ ಹೋದರೆ (ಒಬ್ಬರೇ ಬೇಡ, ನೆರೆ ಇಳಿದ ದಂಡೆ ಕುಸಿಯುತ್ತದೆ) ಒಂದು ನೋಟುಬುಕ್ಕು ಒಯ್ಯಿರಿ. ತಾರೀಖು, ನೀರಿನ ಬಣ್ಣ, ಯಾವ ಮೀನು, ಎಷ್ಟು ಗೇಣು ಎಂದು ಬರೆಯಿರಿ. ಎದುರು ಪುಟದಲ್ಲಿ, ತಾನು ನಿಮ್ಮಷ್ಟಿದ್ದಾಗ ಅದೇ ಜಾಗದಲ್ಲಿ ಯಾವ ಮೀನು ಸಿಗುತ್ತಿತ್ತು ಎಂದು ಮುತ್ಯಾ ಹೇಳಿದ್ದನ್ನು ಬರೆದುಕೊಳ್ಳಿ. ಹೆಸರು ಅವರು ಹೇಳಿದ ಹಾಗೇ ಇರಲಿ, ತಿದ್ದಬೇಡಿ. ಮೀನು ಸಿಗದ ದಿನವನ್ನೂ ಬರೆಯಬೇಕು.